ಬೋರಿನ ಆಯ್ಕೆ: ಹಾವೇರಿ ಸೀಮೆಯ ಕೋವಿಯಿಂದ ಮ್ಯಾಗ್ನಮ್ ಪಿಸ್ತೂಲಿನವರೆಗೆ

ಬಂದೂಕಿನ ನಳಿಗೆಯ ಒಳವ್ಯಾಸಕ್ಕೆ ಕ್ಯಾಲಿಬರ್ ಎಂದು ಹೆಸರು. ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರಗಳ ಕಡೆ ಆ ಮಾತು ಬಳಕೆಯಲ್ಲಿಲ್ಲ. ಅಲ್ಲಿ ಎಲ್ಲವೂ ‘ಬೋರು’. ಹನ್ನೆರಡು ಬೋರಿನ ತೋಟಾ ಕೋವಿ, ಮೂವತ್ತೆರಡು ಬೋರಿನ ಪಿಸ್ತೂಲು, ಮುನ್ನೂರ ಹದಿನೈದು ಬೋರಿನ ರೈಫಲ್ಲು ಎಂದೇ ಮಾತು ಸಾಗುತ್ತದೆ. ಲೈಸೆನ್ಸಿನಲ್ಲಿ ಬರೆಯುವುದೂ ಹಾಗೆಯೇ. ಯಾವ ಬೋರು ತೆಗೆದುಕೊಳ್ಳಬೇಕು ಎಂಬ ಪ್ರಶ್ನೆ ಎದ್ದಾಗ ಸಿನಿಮಾ, ವಿಡಿಯೊಗಳಲ್ಲಿ ಕಂಡ ದೈತ್ಯ ಮ್ಯಾಗ್ನಮ್ ಪಿಸ್ತೂಲು ಈಗ ಹಳ್ಳಿಯ ಹುಡುಗರ ಬಾಯಲ್ಲೂ ಬರುತ್ತದೆ. ಈ ಪ್ರಶ್ನೆಗೆ ಬರಿಯ ಬಲದ ಲೆಕ್ಕದಲ್ಲಿ ಉತ್ತರ ಸಿಗುವುದಿಲ್ಲ. ಆಯುಧ ಮಾಡಬೇಕಾದ ಕೆಲಸ ಯಾವುದು, ಕಾನೂನು ಏನನ್ನು ಕೈಗೆ ಕೊಡುತ್ತದೆ, ಹಾರಿದ ಗುಂಡು ಎಲ್ಲಿ ಹೋಗಿ ಬೀಳುತ್ತದೆ ಎಂಬ ಮೂರನ್ನೂ ಒಟ್ಟಿಗೆ ನೋಡಬೇಕಾಗುತ್ತದೆ.

ಮೊದಲು ಅಂಕಿಗಳ ಗೊಂದಲವನ್ನು ಬಿಡಿಸಿಕೊಳ್ಳಬೇಕು. ಹನ್ನೆರಡು ಬೋರಿನ ನಳಿಗೆಯೊಳಗೆ ಕಿರುಬೆರಳು ಸಲೀಸಾಗಿ ಹೋಗುತ್ತದೆ, ಮೂವತ್ತೆರಡು ಬೋರಿನ ಪಿಸ್ತೂಲಿನ ಬಾಯಿಗೆ ಅದರ ತುದಿಯೂ ಇಳಿಯುವುದಿಲ್ಲ. ಚಿಕ್ಕ ಅಂಕಿಯದು ದೊಡ್ಡ ಬಾಯಿ, ದೊಡ್ಡ ಅಂಕಿಯದು ಚಿಕ್ಕ ಬಾಯಿ ಆಗಿರುವುದಕ್ಕೆ ಕಾರಣ, ಎರಡೂ ಬೇರೆ ಬೇರೆ ಅಳತೆಗಳು. ಹನ್ನೆರಡು ಎಂಬುದು ತೂಕದ ಲೆಕ್ಕ. ಒಂದು ಪೌಂಡ್ ಸೀಸದಲ್ಲಿ ಸರಿಸಮನಾದ 12 ಗುಂಡು ಎರೆದರೆ ಒಂದೊಂದೂ ಸುಮಾರು 38 ಗ್ರಾಂ ತೂಗುತ್ತದೆ, ವ್ಯಾಸ ಸುಮಾರು 18.5 ಮಿಲಿಮೀಟರ್ ಬರುತ್ತದೆ. ಅಂಥ ಗುಂಡು ಹಿಡಿಯುವ ನಳಿಗೆ ಹನ್ನೆರಡು ಬೋರು. ಪೌಂಡಿಗೆ 16 ಗುಂಡಾದರೆ ನಳಿಗೆ ಇನ್ನೂ ಸಪೂರ. ಮೂವತ್ತೆರಡು ಎಂಬುದಾದರೋ ಇಂಚಿನ ಲೆಕ್ಕ, ಮುಂದಿನ ಬಿಂದುವನ್ನು ಜನ ಮಾತಿನಲ್ಲಿ ನುಂಗಿಬಿಟ್ಟಿದ್ದಾರೆ. ಅದು ನಿಜದಲ್ಲಿ 0.32 ಇಂಚು, ಅಂದರೆ 8 ಮಿಲಿಮೀಟರಿನ ಆಸುಪಾಸು. ಮುನ್ನೂರ ಹದಿನೈದು ಎಂದರೆ 0.315 ಇಂಚು, ಸರಿಯಾಗಿ 8 ಮಿಲಿಮೀಟರ್. ಕೇಳುವುದಕ್ಕೆ ಒಂದು ಇನ್ನೊಂದರ ಹತ್ತು ಪಟ್ಟು. ಅಳೆದರೆ ಎರಡಕ್ಕೂ ಕೂದಲೆಳೆಯ ಅಂತರ. ಬಲದಲ್ಲಿ ಮಾತ್ರ ರೈಫಲ್ಲೆಲ್ಲಿ, ಪಿಸ್ತೂಲೆಲ್ಲಿ. ಬೋರಿನ ಅಂಕಿಯೊಂದನ್ನೇ ನೋಡಿ ಬಲಾಬಲ ಹೇಳಲಾಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಗುಂಡಿನ ತೂಕದಿಂದ ಆಯುಧವನ್ನು ಹೆಸರಿಸುವ ಪದ್ಧತಿ ತೋಪಿನ ಕಾಲದ್ದು. ಹನ್ನೆರಡು ಪೌಂಡಿನ ತೋಪು, ಇಪ್ಪತ್ತನಾಲ್ಕು ಪೌಂಡಿನ ತೋಪು ಎಂದು ಕರೆಯುತ್ತಿದ್ದರು. ಈ ಸೀಮೆಗೆ ಆ ಲೆಕ್ಕ ಬರಿಯ ಮಾತಿನಲ್ಲಿ ಬಂದದ್ದಲ್ಲ, ತೋಪಿನ ಜೊತೆಗೇ ಬಂದದ್ದು. 1756ರಲ್ಲಿ ಪೇಶ್ವೆ ಬಾಲಾಜಿ ಬಾಜಿರಾಯ ಸವಣೂರಿಗೆ ಮುತ್ತಿಗೆ ಹಾಕಿದಾಗ ನಿಜಾಮನ ಪಕ್ಷದಿಂದ ಫ್ರೆಂಚ್ ಸೇನಾನಿ ಬುಸ್ಸಿ ತನ್ನ ತೋಪುಗಳೊಂದಿಗೆ ಬಂದಿದ್ದ. ಊರೊಳಗೆ ಸವಣೂರ ನವಾಬನ ಪರ ನಿಂತ ಮುಜಫ್ಫರ್ ಖಾನ್ ಗಾರ್ದಿ ಅದಕ್ಕೂ ಮೊದಲು ಪೇಶ್ವೆಯ ಬಂದೂಕಿನ ಪಡೆಯನ್ನೇ ನಡೆಸಿದವನು. ಬುಸ್ಸಿಯ ತೋಪಿನ ಮುಂದೆ ಸವಣೂರು ಬಹಳ ದಿನ ನಿಲ್ಲಲಿಲ್ಲ. ನವಾಬ ಒಪ್ಪಂದಕ್ಕೆ ಬಂದ. ದೊಡ್ಡ ಬಾಯಿಯ ಆಯುಧದ ಮೇಲಿನ ಗೌರವ ಈ ನೆಲದಲ್ಲಿ ಹಳೆಯದು.

ಕಾನೂನಿನ ಕಥೆಯೂ ಹಳೆಯದೇ. 1857ರ ದಂಗೆಯ ಬೆನ್ನಿಗೆ ಬ್ರಿಟಿಷರು ನಿಶ್ಶಸ್ತ್ರೀಕರಣದ ಕಾಯಿದೆ ತಂದರು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲಾರೆವೆಂದು ನಿಂತರು. ಆ ವರ್ಷದ ನವೆಂಬರಿನಲ್ಲಿ ಊರಿಗೆ ಬೆಂಕಿ ಬಿತ್ತು, ಹಲವರು ಗಲ್ಲಿಗೇರಿದರು. ಮರುವರ್ಷ ನರಗುಂದದಲ್ಲೂ ಮುಂಡರಗಿಯಲ್ಲೂ ಬಂಡಾಯವೆದ್ದಿತು. ಇವೆಲ್ಲ ಅಂದಿನ ಧಾರವಾಡ ಜಿಲ್ಲೆಯ ಒಳಗೂ ಸುತ್ತಲೂ ನಡೆದದ್ದು, ಇಂದಿನ ಹಾವೇರಿ ಜಿಲ್ಲೆಯ ತಾಲ್ಲೂಕುಗಳೂ 1997ರ ತನಕ ಅದೇ ಜಿಲ್ಲೆಯಲ್ಲಿದ್ದವು. 1878ರ ಶಸ್ತ್ರ ಕಾಯಿದೆ ಲೈಸೆನ್ಸನ್ನು ದೇಶಕ್ಕೆಲ್ಲ ಕಡ್ಡಾಯ ಮಾಡಿತು. ಕೊಡವರಿಗೆ ಸಿಕ್ಕ ವಿನಾಯಿತಿ, ಈಗ 2029ರವರೆಗೆ ವಿಸ್ತರಣೆಯಾಗಿರುವಂಥದು, ಬಯಲುಸೀಮೆಯ ರೈತನಿಗೆ ಎಂದೂ ಸಿಕ್ಕಿಲ್ಲ. ಸ್ವತಂತ್ರ ಭಾರತದ 1959ರ ಶಸ್ತ್ರ ಕಾಯಿದೆಯೂ ಅದರ ಕೆಳಗಿನ 2016ರ ನಿಯಮಗಳೂ ಇಂದು ಆಯ್ಕೆಯ ಚೌಕಟ್ಟನ್ನು ಹಾಕುತ್ತವೆ.

ಈ ಚೌಕಟ್ಟಿನ ಮುಖ್ಯ ಗೆರೆ ನಿಷೇಧಿತ ಬೋರು ಮತ್ತು ನಿಷೇಧವಿಲ್ಲದ ಬೋರು ಎಂಬ ವಿಂಗಡಣೆ. ಗೆರೆ ಬಿದ್ದಿರುವುದು ಬಲದ ಮೇಲಲ್ಲ. ಸೈನ್ಯ, ಪೊಲೀಸರು ಬಳಸುವ ತೋಟಾ ಯಾವ ಆಯುಧದಲ್ಲಿ ತುಂಬಿ ಹಾರಿಸಲು ಬರುತ್ತದೋ ಅದು ಸಾಮಾನ್ಯನಿಗೆ ಇಲ್ಲ. ಸರ್ಕಾರಿ ಉಗ್ರಾಣದಿಂದ ಕಳುವಾದ ತೋಟಾ ಖಾಸಗಿ ಬಂದೂಕಿಗೆ ಉಪಯೋಗಕ್ಕೆ ಬರಬಾರದು ಎಂಬುದು ಇದರ ಹಿಂದಿನ ವಿಚಾರ. 1857ರ ಅಂಜಿಕೆಯ ನೆರಳು ಇದರಲ್ಲಿ ಕಾಣದಿರದು. ಹಾಗಾಗಿಯೇ ಜಗತ್ತೆಲ್ಲ ಬಳಸುವ 9 ಮಿಲಿಮೀಟರ್ ಪಿಸ್ತೂಲು, ಹಳೆಯ ಪೊಲೀಸ್ ರಿವಾಲ್ವರಿನ .380 ಮತ್ತು .455 ಬೋರು, ಸೈನ್ಯದ .303 ಹಾಗೂ 7.62 ಮಿಲಿಮೀಟರ್ ರೈಫಲ್ಲುಗಳು ನಿಷೇಧಿತ ಸಾಲಿಗೆ ಸೇರಿವೆ. ಅದಕ್ಕೆ ಬದಲಾಗಿ ಸರ್ಕಾರಿ ಕಾರ್ಖಾನೆಗಳು ನಾಗರಿಕರಿಗೆಂದು ಸೈನ್ಯ ಬಳಸದ ಬೋರುಗಳಲ್ಲಿ ಆಯುಧ ಮಾಡಿದವು. .303 ಸಿಗದವರಿಗೆ .315 ರೈಫಲ್ಲು ಬಂದದ್ದು ಹೀಗೆ. ಅದರ ತೋಟಾ ಆಸ್ಟ್ರಿಯಾದ ಹಳೆಯ ಮ್ಯಾನ್ಲಿಷರ್ ತೋಟಾದ ವಂಶದ್ದು. ಪಿಸ್ತೂಲು ಬೇಕೆಂದವರಿಗೆ .32 ಬಂತು. ಇಶಾಪುರದ ರೈಫಲ್ ಫ್ಯಾಕ್ಟರಿಯ ‘ಅಶನಿ’ ಪಿಸ್ತೂಲು, ಕಾನ್ಪುರದ .32 ರಿವಾಲ್ವರು, 2014ರಲ್ಲಿ ಹೆಂಗಸರಿಗೆಂದು ಹೊರತಂದ ಅರ್ಧ ಕಿಲೋ ತೂಕದ ‘ನಿರ್ಭೀಕ್’ ಎಲ್ಲವೂ ಇದೇ ಬೋರಿನವು. 2021ರ ಅಕ್ಟೋಬರಿನಲ್ಲಿ ಆರ್ಡ್‌ನೆನ್ಸ್ ಫ್ಯಾಕ್ಟರಿ ಮಂಡಳಿ ಏಳು ಕಂಪನಿಗಳಾಗಿ ಒಡೆದ ಮೇಲೆ ಈ ತಯಾರಿಕೆ ಕಾನ್ಪುರದ ಕಂಪನಿಯೊಂದಕ್ಕೆ ಹೋಯಿತು. ಖಾಸಗಿ ಕಾರ್ಖಾನೆಗಳೂ ಕಣಕ್ಕಿಳಿದಿವೆ. ಬೋರು ಮಾತ್ರ ಬಹುಪಾಲು ಅದೇ.

ನಿಷೇಧವಿಲ್ಲದ ಬೋರಿಗೆ ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿ. ನಿಷೇಧಿತ ಬೋರಿನ ಅರ್ಜಿ ದಿಲ್ಲಿಯ ಗೃಹ ಸಚಿವಾಲಯಕ್ಕೆ ಹೋಗಬೇಕು, ಅದೂ ಜೀವಕ್ಕೆ ಗಂಭೀರ ಬೆದರಿಕೆ ಇರುವ ಕೆಲವರಿಗೆ ಮಾತ್ರ. 2019ರ ಡಿಸೆಂಬರಿನ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಆಯುಧಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು, ಲೈಸೆನ್ಸಿನ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿತು. ಲೈಸೆನ್ಸಿಲ್ಲದೆ ನಿಷೇಧಿತ ಆಯುಧ ಇಟ್ಟುಕೊಂಡವರಿಗೆ ಶಿಕ್ಷೆ ಈಗ 7 ವರ್ಷಕ್ಕೆ ಕಡಿಮೆಯಿಲ್ಲ, 14 ವರ್ಷದವರೆಗೂ ಹೋಗಬಹುದು. ಮದುವೆ ಮೆರವಣಿಗೆಯಲ್ಲೋ ಗೆಲುವಿನ ಸಂಭ್ರಮದಲ್ಲೋ ಗಾಳಿಯಲ್ಲಿ ಗುಂಡು ಹಾರಿಸಿ ಪರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಮ್ಯಾಗ್ನಮ್ ತೋಟಾಗಳ ಹೆಸರನ್ನು ನಿಷೇಧದ ಪಟ್ಟಿ ಎತ್ತುವುದಿಲ್ಲ, ಹಾಗಾದರೆ ಅವನ್ನು ಕೊಳ್ಳಬಹುದಲ್ಲ ಎಂದು ಕೆಲವರು ವಾದಿಸುತ್ತಾರೆ. ಕಾಗದದ ಮೇಲೆ ಅದು ಸರಿ ಕಂಡರೂ ಅಂಗಡಿಯ ಬಾಗಿಲಲ್ಲಿ ನಿಲ್ಲುವುದಿಲ್ಲ. ಖಾಸಗಿಯವರು ವಿದೇಶದಿಂದ ಬಂದೂಕು ತರಿಸುವುದು 1980ರ ದಶಕದಿಂದ ನಿಂತಿದೆ. ಹೆಸರು ಮಾಡಿದ ಕ್ರೀಡಾ ಶೂಟರುಗಳಿಗೆ ಅವರ ಸ್ಪರ್ಧೆಯ ಆಯುಧಕ್ಕೆ ಮಾತ್ರ ದಾರಿ ಇದೆ. ಅದಕ್ಕೂ ಮೊದಲು ಬಂದ ಕೆಲವೇ .357 ರಿವಾಲ್ವರುಗಳು ಕೈಯಿಂದ ಕೈಗೆ ದುಬಾರಿ ಬೆಲೆಗೆ ಸಾಗುತ್ತಿವೆ. ಹಿರೇಕೆರೂರಿನ ರೈತನೊಬ್ಬ ದೊಡ್ಡ ಮ್ಯಾಗ್ನಮ್ ಪಿಸ್ತೂಲನ್ನು ಕಾನೂನಿನ ದಾರಿಯಲ್ಲಿ ಕೊಳ್ಳುವುದು ಇಂದು ಆಗದ ಮಾತು.

ಹಾಗಿದ್ದರೂ ಆ ತೋಟಾಗಳ ತಾಂತ್ರಿಕ ವಿಚಾರ ತಿಳಿದಿರುವುದು ಒಳ್ಳೆಯದು, ಏಕೆಂದರೆ ಬಲದ ಬಗೆಗಿನ ಭ್ರಮೆ ಅಲ್ಲಿಯೇ ಹರಿಯುತ್ತದೆ. ಮ್ಯಾಗ್ನಮ್ ಎಂಬುದು ಮೊದಲಿಗೆ ಒಂದೂವರೆ ಲೀಟರಿನ ದೊಡ್ಡ ಶಾಂಪೇನ್ ಬಾಟಲಿಯ ಹೆಸರು. ಅದೇ ಬೋರಿನ ಮಾಮೂಲಿ ತೋಟಾಕ್ಕಿಂತ ಹೆಚ್ಚು ಮದ್ದು ಹಿಡಿಯುವ ಉದ್ದನೆಯ ತೋಟಾಕ್ಕೆ ಇಂಗ್ಲಿಷ್ ಬಂದೂಕಿನವರು ಆ ಹೆಸರನ್ನು ತಂದಿಟ್ಟರು. ಇಷ್ಟು ಬಲ ಮೀರಿದರೆ ಮ್ಯಾಗ್ನಮ್ ಎಂಬ ಮಿತಿ ಯಾವುದೂ ಇಲ್ಲ. ಕೈಯಾಯುಧದಲ್ಲಿ .357 ಮ್ಯಾಗ್ನಮ್ 1935ರಲ್ಲಿ ಬಂತು, .44 ಮ್ಯಾಗ್ನಮ್ 1950ರ ದಶಕದ ನಡುವಿನಲ್ಲಿ. ಎರಡೂ ರಿವಾಲ್ವರಿಗಾಗಿ ಹುಟ್ಟಿದವು. ತಾನಾಗಿಯೇ ತೋಟಾ ಏರಿಸಿಕೊಳ್ಳುವ ಪಿಸ್ತೂಲಿಗೆ ಅವನ್ನು ಹೊಂದಿಸುವುದು ಬೇರೆಯದೇ ತಾಪತ್ರಯ.

ತೊಡಕಿರುವುದು ತೋಟಾದ ಅಂಚಿನಲ್ಲಿ. ರಿವಾಲ್ವರಿನ ತೋಟಾದ ಬುಡದಲ್ಲಿ ಹೊರಚಾಚಿದ ಅಂಚು ಇರುತ್ತದೆ, ಉರುಳೆಯ ತೂತಿನೊಳಗೆ ಜಾರಿಹೋಗದಂತೆ ಅದು ತಡೆಯುತ್ತದೆ. ಪಿಸ್ತೂಲಿನ ಮ್ಯಾಗಜಿನ್ನಿನಲ್ಲಿ ತೋಟಾಗಳು ಒಂದರ ಮೇಲೊಂದು ಕೂರುವಾಗ ಮೇಲಿನದರ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಕೊಂಡರೆ ಆಯುಧ ಅಲ್ಲಿಗೇ ನಿಂತಿತು. ಇನ್ನೊಂದು ತೊಡಕು ಒತ್ತಡದ್ದು. .32 ಪಿಸ್ತೂಲಿನಲ್ಲಿ ಮೇಲಿನ ಜಾರುಭಾಗದ ತೂಕವೂ ಸ್ಪ್ರಿಂಗೂ ಸೇರಿ ಹಿಂದೊತ್ತನ್ನು ತಡೆದುಕೊಳ್ಳುತ್ತವೆ. ಮ್ಯಾಗ್ನಮ್ ತೋಟಾಕ್ಕೆ ಅಷ್ಟು ಸಾಲದು. 1980ರ ದಶಕದಲ್ಲಿ ಅಮೆರಿಕದ ಮ್ಯಾಗ್ನಮ್ ರಿಸರ್ಚ್ ಕಂಪನಿಯೂ ಇಸ್ರೇಲಿನ ಸರ್ಕಾರಿ ಕಾರ್ಖಾನೆಯೂ ಸೇರಿ ತಂದ ‘ಡೆಸರ್ಟ್ ಈಗಲ್’ ಇದಕ್ಕೆ ರೈಫಲ್ಲಿನ ಉಪಾಯವನ್ನೇ ಹಿಡಿಯಿತು. ನಳಿಗೆಯಿಂದ ಚೂರು ಹೊಗೆಯನ್ನು ಸಣ್ಣ ರಂಧ್ರದ ಮೂಲಕ ಕದ್ದು, ಅದರ ಒತ್ತಡದಿಂದ ತಿರುಗುವ ಬೋಲ್ಟನ್ನು ಬಿಚ್ಚುತ್ತದೆ. ಬರಿಯ ಸೀಸದ ಗುಂಡು ಹಾರಿಸಿದರೆ ಆ ರಂಧ್ರ ಕಟ್ಟಿಕೊಳ್ಳುತ್ತದೆ, ತಾಮ್ರದ ಕವಚದ ಗುಂಡೇ ಬೇಕು. ತೂಕ ಸುಮಾರು ಎರಡು ಕಿಲೋ. ಹಿಡಿದವನ ಮಣಿಕಟ್ಟು ಸಡಿಲವಾದರೆ ಮುಂದಿನ ತೋಟಾ ಏರದೆ ಸಿಕ್ಕಿಕೊಳ್ಳುವುದೂ ಉಂಟು.

ಈ ಪಿಸ್ತೂಲು ಮುಖ್ಯವಾಗಿ ಮೂರು ಬೋರಿನಲ್ಲಿ ಬಂದಿದೆ: .357, .44 ಮತ್ತು .50. ಕೊನೆಯದು 1988ರಲ್ಲಿ ರೂಪುಗೊಂಡ ತೋಟಾ. ಅದರ ಬುಡದ ಅಂಚನ್ನು .44ರ ಅಳತೆಗೆ ಇಳಿಸಿದ್ದರಿಂದ ಅದೇ ಬೋಲ್ಟಿಗೆ ಹೊಂದುತ್ತದೆ, ಬದಲಿಸಬೇಕಾದದ್ದು ನಳಿಗೆ ಮತ್ತು ಮ್ಯಾಗಜಿನ್ ಮಾತ್ರ. ಬೋರು ಹಿಗ್ಗಿದಂತೆ ಮ್ಯಾಗಜಿನ್ನಿನಲ್ಲಿ ಹಿಡಿಸುವ ತೋಟಾ ಒಂಬತ್ತರಿಂದ ಎಂಟು, ಎಂಟರಿಂದ ಏಳಕ್ಕೆ ಇಳಿಯುತ್ತದೆ. ಅಮೆರಿಕದಲ್ಲಿ ಇವುಗಳ ನಡುವೆ ಆರಿಸುವವರು ಸಾಮಾನ್ಯವಾಗಿ ತೂಗುವುದು ಹೀಗೆ: .357ರ ತೋಟಾ ಅಗ್ಗ, ಏಟು ಹಗುರ, ಆದರೆ ಅಷ್ಟು ಬಲಕ್ಕೆ ಅಷ್ಟು ಭಾರದ ಪಿಸ್ತೂಲು ಹೊರುವುದು ವ್ಯರ್ಥ; .50 ನೋಡುವುದಕ್ಕೆ ಭರ್ಜರಿ, ಖರ್ಚು ವಿಪರೀತ; .44ಕ್ಕೆ ತೋಟಾ ಹೇರಳವಾಗಿ ಸಿಗುತ್ತದೆ, ಬೇಟೆಗೂ ನಡೆಯುತ್ತದೆ. ಮೂರರಲ್ಲಿ ನಡುವಿನದಕ್ಕೇ ಹೆಚ್ಚು ಸಮರ್ಥನೆ ಇದೆ ಎನ್ನಬೇಕು. ಜಿಂಕೆ, ಕರಡಿಯ ಕಾಡಿನಲ್ಲಿ ಕೈಯಾಯುಧದಿಂದ ಬೇಟೆಯಾಡಲು ಅನುಮತಿ ಇರುವ ದೇಶದ ಲೆಕ್ಕ ಅದು. 1972ರ ವನ್ಯಜೀವಿ ಕಾಯಿದೆಯ ನಂತರ ಭಾರತದಲ್ಲಿ ಆ ಕೆಲಸವೇ ಉಳಿದಿಲ್ಲ.

ಗುಂಡಿನ ಬಲವೆಂದರೆ ಇಲ್ಲಿ ಅದರ ಚಲನಶಕ್ತಿ, ಅದನ್ನು ಜೂಲ್‌ನಲ್ಲಿ ಅಳೆಯುತ್ತಾರೆ. ಒಂದು ಕಿಲೋ ಸಕ್ಕರೆಯ ಪೊಟ್ಟಣ ಹತ್ತು ಸೆಂಟಿಮೀಟರ್ ಎತ್ತರದಿಂದ ಬಿದ್ದರೆ ಹೆಚ್ಚುಕಡಿಮೆ ಒಂದು ಜೂಲ್. .32 ಪಿಸ್ತೂಲಿನ ಗುಂಡು ನಾಲ್ಕೂವರೆ ಗ್ರಾಂ ತೂಗುತ್ತದೆ, ಸೆಕೆಂಡಿಗೆ ಸುಮಾರು 275 ಮೀಟರ್ ವೇಗ, ಬಲ ಸುಮಾರು 175 ಜೂಲ್. ಸೈನ್ಯದ 9 ಮಿಲಿಮೀಟರ್ 500ರ ಹತ್ತಿರ. .357 ಮ್ಯಾಗ್ನಮ್ 700 ದಾಟುತ್ತದೆ, .44 ಮ್ಯಾಗ್ನಮ್ 1,300ರ ಸುತ್ತ, ಹತ್ತೊಂಬತ್ತು ಗ್ರಾಮಿಗೂ ಮೇಲ್ಪಟ್ಟ ಗುಂಡಿನ .50 ಎರಡು ಸಾವಿರದ ಅಂಚಿಗೆ ಬರುತ್ತದೆ. ಈ ಅಂಕಿಗಳ ಪಕ್ಕದಲ್ಲಿ ಹಾನಗಲ್ಲಿನ ಯಾವುದೋ ಮನೆಯ ಗೋಡೆಗೆ ಒರಗಿರುವ ಹನ್ನೆರಡು ಬೋರಿನ ಕೋವಿಯನ್ನು ಇಟ್ಟು ನೋಡಬೇಕು. 32 ಗ್ರಾಂ ಚರೆ ಸೆಕೆಂಡಿಗೆ 370 ಮೀಟರ್ ವೇಗದಲ್ಲಿ ಹೊರಟರೆ ಬಾಯಲ್ಲೇ 2,000 ಜೂಲ್ ಮೀರುತ್ತದೆ. ಲಕ್ಷಗಟ್ಟಲೆ ಬೆಲೆಯ, ಜಗತ್ತಿನ ಅತಿ ಬಲದ ಪಿಸ್ತೂಲುಗಳಲ್ಲಿ ಒಂದೆನಿಸಿಕೊಂಡದ್ದು ಕೊಡುವ ಬಲ ಅಜ್ಜನ ಕಾಲದ ತೋಟಾ ಕೋವಿಯಲ್ಲಿ ಆಗಲೇ ಇದೆ. ಮೇಲಾಗಿ ಕೋವಿಯ ಏಟನ್ನು ಹೆಗಲು ತಡೆಯುತ್ತದೆ, ಪಿಸ್ತೂಲಿನ ಏಟನ್ನು ಮಣಿಕಟ್ಟೊಂದೇ ತಡೆಯಬೇಕು. .50ರ ಗುಂಡಿನ ಒದೆತ .32ರ ಸುಮಾರು ಏಳು ಪಟ್ಟು. ಪಿಸ್ತೂಲಿನ ತೂಕ ಮೂರು ಪಟ್ಟು ಹೆಚ್ಚಿದ್ದರೂ ಉಳಿದ ಏಟು ಕೈಗೇ ಬರುತ್ತದೆ. ಒಂದು ಗುಂಡು ಹಾರಿಸಿ ಮತ್ತೆ ಗುರಿ ಹಿಡಿಯುವಷ್ಟರಲ್ಲಿ ಹೊತ್ತು ಹೋಗಿರುತ್ತದೆ.

ಇನ್ನು ಕೆಲಸದ ವಿಚಾರ. ಈ ನಾಲ್ಕು ಊರುಗಳ ಸೀಮೆ ಒಂದೇ ಥರದ್ದಲ್ಲ. ಹಾನಗಲ್ಲ ಅರೆಮಲೆನಾಡು: ಕೆರೆ, ಭತ್ತದ ಗದ್ದೆ, ಪಡುವಣಕ್ಕೆ ಮುಂಡಗೋಡದ ಕಾಡು. ಭತ್ತ ಹಣ್ಣಾಗುವ ಹೊತ್ತಿಗೆ ಆ ಕಡೆಯಿಂದ ಹಂದಿಗಳ ಹಿಂಡು ಇಳಿಯುತ್ತದೆ, ಆನೆಯೂ ಗಡಿ ದಾಟಿದ್ದುಂಟು. ಶಿಗ್ಗಾವಿ ತಾಲ್ಲೂಕಿನ ಬಂಕಾಪುರ ಕೋಟೆ ನವಿಲುಧಾಮ. ಸುತ್ತಲಿನ ಹೊಲಗಳಲ್ಲಿ ಬಿತ್ತಿದ ಕಾಳನ್ನು ನವಿಲು ಹೆಕ್ಕುವುದು ರೈತರ ನಿತ್ಯದ ಗೋಳು. ಸವಣೂರ ಕಡೆ ಮೂಡಣಕ್ಕೆ ಹೋದಂತೆ ಎರೆಭೂಮಿ, ಕಣ್ಣು ಹಾಯುವವರೆಗೆ ಬಯಲು. ಹಿರೇಕೆರೂರ ಗೋವಿನಜೋಳದ ನಾಡು, ಅತ್ತ ಶಿಕಾರಿಪುರದ ಕುರುಚಲು ಕಾಡಿನ ಅಂಚು. ಜಿಲ್ಲೆಯ ಇನ್ನೊಂದು ಮೂಲೆಯಲ್ಲಿ, ರಾಣೆಬೆನ್ನೂರ ಹತ್ತಿರ, 1974ರಲ್ಲಿ ಘೋಷಿಸಿದ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯವಿದೆ. ಅಲ್ಲಿಯ ಚಿಗರಿಗಳಿಗೆ ಹೊಲ ಯಾವುದು ಅಡವಿ ಯಾವುದು ಎಂಬ ಗೆರೆ ಗೊತ್ತಿಲ್ಲ.

ಗೋವಿನಜೋಳ ಹಾಲುಗಾಳಿಗೆ ಬಂದ ಒಂದು ರಾತ್ರಿ ಹಂದಿ ಹೊಕ್ಕರೆ ತಿಂದದ್ದಕ್ಕಿಂತ ಕೆಡವಿದ್ದು ಹೆಚ್ಚು. ದಂಟನ್ನು ಮೈಯಿಂದ ನೂಕಿ ಮುರಿದು, ತೆನೆಯನ್ನು ಅರ್ಧ ಕಚ್ಚಿ ಬಿಟ್ಟು ಮುಂದೆ ಹೋಗುತ್ತವೆ. ಬೆಳಗ್ಗೆ ನೋಡಿದರೆ ಹೊಲದ ನಡುವೆ ಕಣ ಮಾಡಿದ ಹಾಗೆ ಬಯಲು. ಆರು ತಿಂಗಳ ಸಾಲ, ಬೀಜ, ಗೊಬ್ಬರ ಎಲ್ಲ ಆ ಬಯಲಿನಲ್ಲಿ ಹೋಗಿರುತ್ತದೆ. ಬಂದೂಕು ಕೇಳುವ ರೈತನ ಅರ್ಜಿಯ ಹಿಂದೆ ಇರುವುದು ಈ ಸಂಕಟ, ಅದನ್ನು ಹಗುರವಾಗಿ ನೋಡುವುದು ಅನ್ಯಾಯ.

ಆದರೆ ಬಂದೂಕಿನಿಂದ ಅವನು ಮಾಡಬಹುದಾದದ್ದು ಏನು? ಕೃಷ್ಣಮೃಗ, ನವಿಲು, ಆನೆ ಮೂರೂ ಕಾಯಿದೆಯ ಮೊದಲನೇ ಪಟ್ಟಿಯ ಪ್ರಾಣಿಗಳು, ಬೆಳೆ ತಿಂದವೆಂದು ಕೊಲ್ಲುವಂತಿಲ್ಲ. ಕಾಡುಹಂದಿ 2022ರ ತಿದ್ದುಪಡಿಯ ನಂತರ ಎರಡನೇ ಪಟ್ಟಿಯಲ್ಲಿದೆ. ಬೆಳೆಗೆ ಹಾನಿ ಮಾಡುವ ಪ್ರಾಣಿಯೆಂದು ಮುಖ್ಯ ವನ್ಯಜೀವಿ ಪರಿಪಾಲಕರೋ ಅವರು ಅಧಿಕಾರ ಕೊಟ್ಟವರೋ ಲಿಖಿತ ಆದೇಶ ಮಾಡಿದರೆ ಮಾತ್ರ ಹೊಡೆಯಬಹುದು. ಶಸ್ತ್ರದ ಲೈಸೆನ್ಸ್ ಇದ್ದ ಮಾತ್ರಕ್ಕೆ ಆ ಅನುಮತಿ ಬಂದಂತಲ್ಲ. ಹಾಗಾಗಿ ನೂರಕ್ಕೆ ತೊಂಬತ್ತು ರಾತ್ರಿ ಬಂದೂಕಿನ ಕೆಲಸ ಸದ್ದು ಮಾಡುವುದು. ರೈತ ನಿಜವಾಗಿ ಕೊಳ್ಳುತ್ತಿರುವುದು ಗುಂಡನ್ನಲ್ಲ, ಸದ್ದನ್ನು. ಸದ್ದಿಗೆ ಬೇಕಾದದ್ದು ಅಗಲ ಬಾಯಿಯ ನಳಿಗೆ ಮತ್ತು ಕರಿಮದ್ದು. ಹೊಲದ ಕಾವಲು ಅಟ್ಟದ ಮೇಲೆ ಕೂತು ಡಬ್ಬಿ ಬಡಿಯುವುದರ ಮುಂದುವರಿಕೆ ಅದು.

ಶಸ್ತ್ರ ಕಾಯಿದೆ ಕೂಡ ಇದನ್ನು ಒಪ್ಪಿಕೊಂಡಂತೆ ಬರೆದಿದೆ. ಅದರ 13ನೇ ಕಲಮು ಬೆಳೆ ರಕ್ಷಣೆಗೆ ಮೊದಲು ಹೇಳುವುದು ಬಾಯಿಂದ ಮದ್ದು ತುಂಬುವ ಬಂದೂಕನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನುಣುಪು ನಳಿಗೆಯ ಕೋವಿಗೆ ಅನುಮತಿ ಸಿಗುತ್ತದೆ. ಪಿಸ್ತೂಲಿನ ಮಾತು ಆ ಸಾಲಿನಲ್ಲಿ ಇಲ್ಲವೇ ಇಲ್ಲ.

ಬಾಯಿಂದ ತುಂಬುವುದೆಂದರೆ ಕೇಪಿನ ಕೋವಿ. ಅಳತೆಯ ಮದ್ದನ್ನು ನಳಿಗೆಗೆ ಸುರಿದು, ಬುಡವನ್ನು ನೆಲಕ್ಕೆ ಮೆಲ್ಲಗೆ ಕುಟ್ಟಿ, ನಾರನ್ನು ಉಂಡೆ ಮಾಡಿ ತುರುಕಿ ಗಜದಿಂದ ಬಡಿಯುತ್ತಾರೆ. ಗಜ ಮೇಲಕ್ಕೆ ಪುಟಿದರೆ ಮದ್ದು ಬಿಗಿಯಾಯಿತೆಂದು ಲೆಕ್ಕ. ಆಮೇಲೆ ಚರೆ, ಅದರ ಮೇಲೆ ಮತ್ತೆ ನಾರು. ಕುದುರೆಯನ್ನು, ಅಂದರೆ ಕೇಪಿಗೆ ಬಡಿಯುವ ಕೊಕ್ಕನ್ನು, ಅರ್ಧ ಎತ್ತಿ, ನಳಿಗೆಯ ಬುಡದ ಮೊಲೆಯ ಮೇಲೆ ಕೇಪು ಕೂರಿಸಿದರೆ ಸಿದ್ಧ. ಹೆದರಿಸುವುದಕ್ಕಾದರೆ ಚರೆಯೇ ಬೇಡ. ಇದರ ದೊಡ್ಡ ದೋಷ ಮಳೆ. ಹಾನಗಲ್ಲಿನ ಜಡಿಮಳೆಯಲ್ಲಿ ಮದ್ದು ತಂಪು ಹಿಡಿದರೆ ಕೇಪು ಚಟ್ ಎಂದು ಸುಮ್ಮನಾಗುತ್ತದೆ, ಬೆಳೆ ಕಾಯುವ ಹಂಗಾಮು ಶುರುವಾಗುವುದೂ ಆ ದಿನಗಳಲ್ಲೇ. ಒಂದು ಹೊಡೆದ ಮೇಲೆ ಇನ್ನೊಂದಕ್ಕೆ ಒಂದೆರಡು ನಿಮಿಷ ಬೇಕು. ಹೊಡೆದ ನಂತರ ಬಿಸಿನೀರು ಹಾಕಿ ತೊಳೆಯದಿದ್ದರೆ ಮದ್ದಿನ ಮಸಿ ಕಬ್ಬಿಣವನ್ನು ತಿನ್ನುತ್ತದೆ. ಬೆಲೆ ಕಡಿಮೆ, ಕಾನೂನಿನ ದಾರಿ ಹತ್ತಿರ ಎಂಬ ಎರಡು ಗುಣಗಳು ಈ ದೋಷಗಳನ್ನು ಬಹಳ ಕಾಲ ಮುಚ್ಚಿವೆ. ಹನ್ನೆರಡು ಬೋರಿನ ಒಂಟಿ ನಳಿಗೆ ಇಲ್ಲವೇ ಜೋಡಿ ನಳಿಗೆಯ ತೋಟಾ ಕೋವಿ ಈ ಎಲ್ಲ ತೊಡಕನ್ನೂ ಕಳೆಯುತ್ತದೆ. ತೋಟಾ ಮಳೆಗೆ ಅಂಜುವುದಿಲ್ಲ, ಕೋವಿಯನ್ನು ಮಡಿಚಿದರೆ ಒಳಗೆ ತೋಟಾ ಇದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ಅಟ್ಟದಿಂದ ಕತ್ತಲಲ್ಲಿ ಇಳಿಯುವವನಿಗೆ ಈ ಕೊನೆಯ ಗುಣ ಉಳಿದೆಲ್ಲಕ್ಕಿಂತ ದೊಡ್ಡದು.

ಗುಂಡು ಎಲ್ಲಿ ಬೀಳುತ್ತದೆ ಎಂಬ ಪ್ರಶ್ನೆಗೂ ಇದೇ ಉತ್ತರ ಹೊಂದುತ್ತದೆ. ಸಣ್ಣ ಚರೆ ಇನ್ನೂರು ಮುನ್ನೂರು ಮೀಟರಿನೊಳಗೆ ಶಕ್ತಿ ಕಳೆದುಕೊಂಡು ಉದುರುತ್ತದೆ. .32ರಂಥ ಚಿಕ್ಕ ಪಿಸ್ತೂಲಿನ ಗುಂಡು ಕೂಡ ಮೇಲ್ಮುಖವಾಗಿ ಹಾರಿದರೆ ಒಂದು ಕಿಲೋಮೀಟರ್ ದಾಟಬಲ್ಲದು; ಮ್ಯಾಗ್ನಮ್ ಅದಕ್ಕೂ ಆಚೆ; .315 ರೈಫಲ್ಲಿನದು ಹಲವು ಕಿಲೋಮೀಟರ್. ಹಾನಗಲ್ಲಿನ ಕಾಡಂಚಿನಲ್ಲಿ ಗುಡ್ಡವೋ ಮರವೋ ಗುಂಡನ್ನು ತಡೆದೀತು. ಸವಣೂರ, ಹಿರೇಕೆರೂರಗಳ ಬಯಲಿನಲ್ಲಿ ತಡೆಯುವುದು ಏನೂ ಇಲ್ಲ. ಗೋವಿನಜೋಳದ ದಂಟು ಕಣ್ಣಿಗೆ ಮರೆಯಾಗುತ್ತದೆ, ಗುಂಡಿಗೆ ಮರೆಯಾಗುವುದಿಲ್ಲ. ಪಕ್ಕದ ಹೊಲದಲ್ಲಿ ಅದೇ ಹಂದಿಗಾಗಿ ಇನ್ನೊಬ್ಬ ರೈತ ಕಾದಿರುತ್ತಾನೆ, ಅದರಾಚೆ ಕುರಿಹಟ್ಟಿ ಇರುತ್ತದೆ, ನೀರು ಹಾಯಿಸಲು ಹೊರಟವನಿರುತ್ತಾನೆ. ರಾತ್ರಿ ಬಯಲಿನಲ್ಲಿ ಒಂಟಿ ಗುಂಡಿನ ಆಯುಧ, ಅದರ ಬೋರು ಎಷ್ಟೇ ಇರಲಿ, ತಪ್ಪು ಆಯ್ಕೆ. ಇದಕ್ಕಿಂತಲೂ ಕೆಟ್ಟದ್ದು ಹಿಟ್ಟಿನುಂಡೆಯಲ್ಲಿ ಸಿಡಿಮದ್ದು ಅಡಗಿಸಿ ಬದುವಿನಲ್ಲಿಡುವ ಕಳ್ಳದಾರಿ. ಅದು ಹಂದಿಯನ್ನೂ ಮೇಯಲು ಬಂದ ಆಕಳನ್ನೂ ಬೇರೆ ಮಾಡಿ ನೋಡುವುದಿಲ್ಲ. ದವಡೆ ಹರಿದ ದನ ಮೇಯಲಾರದೆ ಹಸಿದು ಸಾಯುತ್ತದೆ.

ಪಿಸ್ತೂಲು, ರಿವಾಲ್ವರು ಕೇಳುವವರು ಬೇರೆ ವರ್ಗ: ಹತ್ತಿ, ಮೆಣಸಿನಕಾಯಿ ವ್ಯಾಪಾರದಲ್ಲಿ ಹಣ ಹಿಡಿದು ಓಡಾಡುವವರು, ಗುತ್ತಿಗೆದಾರರು, ರಾಜಕಾರಣದಲ್ಲಿರುವವರು. ಅವರು ತೋರಿಸಬೇಕಾದದ್ದು ಬೆಳೆಯನ್ನಲ್ಲ, ಜೀವಕ್ಕಿರುವ ಬೆದರಿಕೆಯನ್ನು. ಸುರಕ್ಷಿತ ಬಳಕೆಯ ತರಬೇತಿ ಪಡೆದ ಪ್ರಮಾಣಪತ್ರವೂ ಈಗ ಅಗತ್ಯ. ಇವರ ಮುಂದಿರುವ ಆಯ್ಕೆ ಕಿರಿದು: ಬಹುಮಟ್ಟಿಗೆ .32 ಪಿಸ್ತೂಲು, .32 ರಿವಾಲ್ವರು, ಇಲ್ಲವೇ .22. ಹೆಸರು ಒಂದೇ ಆದರೂ .32 ಪಿಸ್ತೂಲಿನ ತೋಟಾ ಬೇರೆ, ರಿವಾಲ್ವರಿನದು ಬೇರೆ, ಒಂದಕ್ಕೊಂದು ಹೊಂದುವುದಿಲ್ಲ. ಪಿಸ್ತೂಲಿನ ಇಡೀ ತೋಟಾ 25 ಮಿಲಿಮೀಟರ್ ಉದ್ದ, ಅಂಗೈಯಲ್ಲಿಟ್ಟರೆ ಕಿರುಬೆರಳ ತುದಿಗೆಣ್ಣಿನಷ್ಟು. ಅದರ ಪಕ್ಕ .44 ಮ್ಯಾಗ್ನಮ್ 41 ಮಿಲಿಮೀಟರ್. .32 ದುರ್ಬಲ ಎಂಬ ಟೀಕೆ ಸುಳ್ಳಲ್ಲ. ಆದರೆ ಜಗತ್ತಿನ ಅನೇಕ ಪೊಲೀಸ್ ಪಡೆಗಳು ಇಪ್ಪತ್ತನೇ ಶತಮಾನದ ಬಹುಭಾಗ ಇದೇ 7.65 ಮಿಲಿಮೀಟರ್ ತೋಟಾ ಹೊತ್ತು ನಡೆದವು. ಏಟು ಮೆದುವಾದ್ದರಿಂದ ವರ್ಷಕ್ಕೆ ನಾಲ್ಕು ಸಲ ಮಾತ್ರ ಅಭ್ಯಾಸ ಮಾಡುವವನಿಗೂ ಗುರಿ ಕೈಗೆ ಬರುತ್ತದೆ. ಅಭ್ಯಾಸ ಮಾಡದೆ ಕಪಾಟಿನಲ್ಲಿ ಇಟ್ಟವನಿಗೆ ರಿವಾಲ್ವರು ವಾಸಿ. ತೋಟಾ ಹೊತ್ತಿಕೊಳ್ಳದಿದ್ದಾಗ ಟ್ರಿಗರನ್ನು ಮತ್ತೊಮ್ಮೆ ಎಳೆದರೆ ಉರುಳೆ ತಿರುಗಿ ಮುಂದಿನದು ಬರುತ್ತದೆ. ಆತ್ಮರಕ್ಷಣೆಯ ಹಕ್ಕನ್ನು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳು ಕೊಡುತ್ತವೆ, ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕನ್ನು ಕೊಡುವುದಿಲ್ಲ. ಗೋಡೆ ತೂರಿ ಪಕ್ಕದ ಮನೆಗೆ ಹೋಗುವ ಗುಂಡನ್ನು ನ್ಯಾಯಾಲಯದಲ್ಲಿ ಸಮರ್ಥಿಸುವುದು ಕಷ್ಟ.

ಕ್ರೀಡೆಯವರ ಲೆಕ್ಕ ಇವೆರಡರಿಂದಲೂ ದೂರ. 4.5 ಮಿಲಿಮೀಟರಿನ ಗಾಳಿ ಪಿಸ್ತೂಲು, .22 ಬೋರಿನ ಸ್ಪರ್ಧಾ ಪಿಸ್ತೂಲು ಅವರ ಆಯುಧ. ಬಲ 20 ಜೂಲ್ ಒಳಗಿರುವ ಚಿಕ್ಕ ಬೋರಿನ ಗಾಳಿಕೋವಿಗೆ ಲೈಸೆನ್ಸೂ ಬೇಡ. ಗುರಿಯ ಕುಶಲತೆ ಹೆಚ್ಚಿದಂತೆ ಬೋರು ಕಿರಿದಾಗುತ್ತದೆ ಎಂಬುದನ್ನು ಇಲ್ಲಿ ಗಮನಿಸಬಹುದು.

ತೋಟಾ ಸಿಗುವುದೂ ಒಂದು ವಿಚಾರ. ಹನ್ನೆರಡು ಬೋರಿಗೂ .32ಕ್ಕೂ ಪುಣೆ ಹತ್ತಿರದ ಖಡಕಿ ಕಾರ್ಖಾನೆಯ ಸರಕು ದೇಶವೆಲ್ಲ ನಡೆಯುತ್ತದೆ. ಅಪರೂಪದ ಬೋರಿನ ಆಯುಧ ಇಟ್ಟುಕೊಂಡವನು ಪರದೇಶದ ತೋಟಾಕ್ಕೆ ಕಾಯಬೇಕು, ಸಿಕ್ಕರೆ ಒಂದೊಂದಕ್ಕೂ ಬಾಯಿಗೆ ಬಂದ ಬೆಲೆ. ಬೋರನ್ನು ಬದಲಿಸುವುದು ಸುಲಭವಲ್ಲ. ಲೈಸೆನ್ಸಿನಲ್ಲಿ ಬರೆದ ಬೋರೇ ಬೋರು, ಎಷ್ಟು ತೋಟಾ ಇಟ್ಟುಕೊಳ್ಳಬಹುದು ಎಂಬುದೂ ಅಲ್ಲೇ ಬರೆದಿರುತ್ತದೆ, ತಿದ್ದಬೇಕಾದರೆ ಮತ್ತೆ ಜಿಲ್ಲಾಧಿಕಾರಿ ಕಚೇರಿಯೇ. ತಂದೆಯ ಕೋವಿ ಮಗನಿಗೆ ಬರುವಾಗಲೂ ಮಗನ ಹೆಸರಿನಲ್ಲಿ ಹೊಸ ಲೈಸೆನ್ಸ್ ಆಗಬೇಕು. ಅಜ್ಜನ ಪೆಟ್ಟಿಗೆಯಲ್ಲಿ ನಿಷೇಧಿತ ಬೋರಿನ ಹಳೆಯ ರಿವಾಲ್ವರು ಸಿಕ್ಕರೆ ಅದನ್ನು ನೆನಪಿನ ವಸ್ತುವೆಂದು ಮುಚ್ಚಿಡದೆ ಠಾಣೆಗೆ ಒಪ್ಪಿಸುವುದೇ ದಾರಿ.

ಕೊನೆಗೆ ಚುನಾವಣೆ. ನೀತಿ ಸಂಹಿತೆ ಜಾರಿಯಾದೊಡನೆ ಜಿಲ್ಲಾಧಿಕಾರಿಗಳ ಸಮಿತಿ ಯಾರ ಆಯುಧ ಠೇವಣಿಯಾಗಬೇಕೆಂದು ನೋಡುತ್ತದೆ. ವಿಧಾನಸಭೆ, ಲೋಕಸಭೆ ಚುನಾವಣೆಗಳಲ್ಲದೆ ಹಿರೇಕೆರೂರಿಗೆ 2019ರ ಡಿಸೆಂಬರಿನಲ್ಲಿ, ಹಾನಗಲ್ಲಿಗೆ 2021ರ ಅಕ್ಟೋಬರಿನಲ್ಲಿ, ಶಿಗ್ಗಾವಿಗೆ 2024ರ ನವೆಂಬರಿನಲ್ಲಿ ಉಪಚುನಾವಣೆಗಳೂ ನಡೆದವು. ಮೂರೂ ಬಂದದ್ದು ಬೆಳೆ ಕೈಗೆ ಬರುವ, ಇಲ್ಲವೇ ಒಕ್ಕಣೆಯ ತಿಂಗಳುಗಳಲ್ಲಿ. ಬೆಳೆ ರಕ್ಷಣೆಯ ಕೋವಿಗೆ ವಿನಾಯಿತಿ ಬೇಕಿದ್ದರೆ ಕಾರಣ ಬರೆದು ಆ ಸಮಿತಿಗೆ ಮೊದಲೇ ಅರ್ಜಿ ಕೊಡಬೇಕು. ಠೇವಣಿ ಇಡುವ ಮುನ್ನ ನಳಿಗೆಯನ್ನು ಒರೆಸಿ ಎಣ್ಣೆ ಸವರಿ, ರಸೀದಿಯಲ್ಲಿ ಬೋರು ಮತ್ತು ನಂಬರು ಸರಿಯಾಗಿ ಬರೆದಿದೆಯೇ ಎಂದು ನೋಡಿಕೊಂಡು ಬರುವುದು ಕೋವಿ ಇರುವವರ ವಾಡಿಕೆ.